ಮೆತ್ತಗೆ ಒದೆಯುವ ಕೋವಿ

ಏಪ್ರಿಲ್ ತಿಂಗಳಲ್ಲಿ ಗಾರ್ತ್ ಸ್ಟೌಫರ್‌ನ ಎಡಗಡೆ ಕೊರಳಮೂಳೆಯ ಕೆಳಗೆ, ಬೆಂಕಿಪೊಟ್ಟಣದಷ್ಟಿರುವ ಒಂದು ಯಂತ್ರವನ್ನು ಚರ್ಮದೊಳಗೆ ಇಟ್ಟು ಹೊಲಿದು ಕಳಿಸಿದರು. ಹೃದಯ ಬಡಿಯುವುದನ್ನು ಮರೆತಾಗ ಅದು ನೆನಪಿಸುತ್ತದಂತೆ. ಸಾಮಾನ್ಯವಾಗಿ ಎಡಗಡೆಯೇ ಇಡುವುದು. ಬಹುಪಾಲು ಜನ ಕೋವಿಯನ್ನು ಬಲ ಹೆಗಲಿಗೆ ಆನಿಸುವುದರಿಂದ ಅದರಿಂದ ಯಾರಿಗೂ ತೊಂದರೆಯಿಲ್ಲ. ಆದರೆ ಗಾರ್ತ್ ಎಡಚ. ಆಸ್ಪತ್ರೆಯಲ್ಲಿ ಔಷಧಿ ಯಾವುದು, ಅಲರ್ಜಿ ಯಾವುದು, ಧರ್ಮ ಯಾವುದು ಎಂದೆಲ್ಲ ಕೇಳಿದರು. ಕೋವಿ ಯಾವ ಹೆಗಲಿಗೆ ಎಂದು ಯಾರೂ ಕೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡುವ ಜಾಯಮಾನ ಅವನದಲ್ಲ. ಹೊಲಿಗೆ ಬಿಚ್ಚಿದ ದಿನ ಅಂಗಿ ಹಾಕಿಕೊಳ್ಳುತ್ತ, ಸರಿಯಾಗಿ ಕೋವಿಯ ಬುಡ ಕೂರುವ ಜಾಗದ ಮೇಲೆ ಬೆರಳಿಟ್ಟು ನೋಡಿಕೊಂಡ. ಪಕ್ಕದಲ್ಲಿ ಅವನ ಕೋಟು ಹಿಡಿದು ನಿಂತಿದ್ದ ಮಗಳು ಮಾರ್ಲಾ ಅದನ್ನು ಕಂಡಳು. ಅವಳು ಕೋಟು ಚಾಚಿದಳು, ಅವನು ತೋಳು ತೂರಿಸಿದ. ಆ ಮನೆಯಲ್ಲಿ ಇಂಥವು ಹಾಗೆಯೇ ನಡೆಯುತ್ತವೆ.

ಮಾತು ಹೊರಬಿದ್ದದ್ದು ಆಗಸ್ಟಿನಲ್ಲಿ. ಚಿಕ್ಕಪ್ಪ ಡ್ವೇನ್ ಜಗಲಿಯ ಮೆಟ್ಟಿಲ ಮೇಲೆ ಕೂತು, ಬೇಟೆ ಶಿಬಿರದ ಮನೆಗೆ ಹೊಸ ಒಲೆಕೊಳವೆ ಹಾಕಿಸುವ ವಿಷಯ ಎತ್ತಿದ್ದ. ಮಾರ್ಲಾ ಒಳಗೆ ಅಡಿಗೆಮನೆಯ ಕಿಟಕಿಯ ಬಳಿ ಹುರುಳಿಕಾಯಿ ಮುರಿಯುತ್ತಿದ್ದಳು.

"ಈ ಸಲ ನನ್ನ ಲೆಕ್ಕ ಬಿಟ್ಟುಬಿಡು," ಅಂದ ಅಪ್ಪ.

"ಅಂದ್ರೆ?"

"ಅಂದ್ರೆ ನಾನು ಬರಲ್ಲ. ಡಾಕ್ಟ್ರು ಆ ಹೆಗಲಿಗೆ ಜೋರು ಏಟು ಬೀಳಬಾರದು ಅಂದಿದಾರೆ."

"ಬಲಗಡೆ ಇಟ್ಕೊಂಡು ಹೊಡಿಯಪ್ಪ. ಅದಕ್ಕೇನು?"

"ನೀನು ಎಡಗೈಲಿ ಸಹಿ ಹಾಕು ನೋಡೋಣ."

"ಅಯ್ಯೋ, ನನಗೆ ಬಲಗೈಲೇ ನೆಟ್ಟಗೆ ಬರಲ್ಲ ಅಣ್ಣ."

"ಅದಕ್ಕೇ ಹೇಳಿದ್ದು. ನನ್ನ ತರ್ಟಿ-ಆಟ್-ಸಿಕ್ಸ್ ಕೋವಿ ಒಳಗಿದೆ, ತಗೊಂಡು ಹೋಗು. ಇಲ್ಲಿದ್ರೆ ತುಕ್ಕು ಹಿಡಿಯುತ್ತೆ."

ಡ್ವೇನ್ ಚಿಕ್ಕಪ್ಪ ಸಾವಿನ ಮನೆಯಲ್ಲೂ ಜೋಕು ಹೇಳುವವನು. ಅವತ್ತು ಮಾತ್ರ "ಇರಲಿ ಬಿಡಣ್ಣ," ಅಂದವನೇ ಟೊಪ್ಪಿಗೆ ಸರಿಮಾಡಿಕೊಂಡು ಹೊರಟುಹೋದ. ಕೋವಿ ತೆಗೆದುಕೊಳ್ಳಲಿಲ್ಲ.

ಮಾರ್ಲಾಳ ಕೈಯಲ್ಲಿ ಹುರುಳಿಕಾಯಿ ಹಾಗೇ ನಿಂತಿತ್ತು.

ಅವಳಿಗೆ ಹನ್ನೆರಡು ತುಂಬಿದ ವರ್ಷ ಅಪ್ಪ ಅವಳನ್ನು ಹಿತ್ತಲ ದಿಬ್ಬದ ಮೇಲೆ ಜಿಂಕೆಯ ಬೇಟೆಗೆ ಕರೆದುಕೊಂಡು ಹೋಗಿದ್ದ. ಉತ್ತರ ಪೆನ್ಸಿಲ್ವೇನಿಯಾದ ಆ ಕಣಿವೆಯಲ್ಲಿ ಮಕ್ಕಳಿಗೆ ಹನ್ನೆರಡು ತುಂಬುವುದೆಂದರೆ ಅದೇ. ಬೇಟೆ ಆಗ ಸೋಮವಾರ ಶುರುವಾಗುತ್ತಿತ್ತು, ಅವತ್ತು ಶಾಲೆಗೇ ರಜ. ಮನೆಯಲ್ಲಿ ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು ಎನ್ನುವಂಥ ಮನುಷ್ಯ, ಅವತ್ತು ಹೆಮ್ಲಾಕ್ ಮರದ ಬುಡದಲ್ಲಿ ಕೂತು ಅವಳ ಕಿವಿಯ ಹತ್ತಿರ ಎರಡು ಗಂಟೆ ಮಾತಾಡಿದ್ದ. ಆ ಗೀರು ಗಂಡು ಜಿಂಕೆ ಕೊಂಬು ಉಜ್ಜಿದ್ದು. ಅಗೋ ಅಲ್ಲಿ ಟರ್ಕಿ ಕೋಳಿ ಕೆದಕಿದ್ದು. ನಮ್ಮಪ್ಪ ಒಂದು ಸಲ ಇದೇ ಮರದ ಕೆಳಗೆ ನಿದ್ದೆ ಹೋಗಿ ಎದ್ದಾಗ ಜಿಂಕೆ ಅವನ ಬೂಟು ಮೂಸುತ್ತಿತ್ತು. ಆ ಬೆಳಿಗ್ಗೆ ಅವನು ಆಡಿದ ಮಾತನ್ನು ತಕ್ಕಡಿಯ ಒಂದು ಬದಿಗೂ, ಆಮೇಲಿನ ಹನ್ನೆರಡು ವರ್ಷದ ಮಾತನ್ನು ಇನ್ನೊಂದು ಬದಿಗೂ ಇಟ್ಟರೆ ತಕ್ಕಡಿ ಆ ಬೆಳಗಿನ ಕಡೆಗೇ ವಾಲುತ್ತಿತ್ತು.

ಆಮೇಲೆ ಜಿಂಕೆ ಬಂತು. ಅಪ್ಪ ತನ್ನ ದೊಡ್ಡ ಕೋವಿಯನ್ನೇ ಅವಳ ಹೆಗಲಿಗೆ ಆನಿಸಿದ. ಆ ಸೀಮೆಯ ಗಂಡಸರೆಲ್ಲ ಮಾಡುವ ತಪ್ಪೇ ಅದು: ಚಳಿಗಾಲದ ಕೋಟನ್ನು ಎರಡು ಅಳತೆ ದೊಡ್ಡದಾಗಿ ಕೊಂಡು, ಬೆಳೀತಾ ಬೆಳೀತಾ ಸರಿಹೋಗುತ್ತೆ ಅನ್ನುವಂತೆ ಕೋವಿಯನ್ನೂ ಕೊಡುತ್ತಾರೆ. ಅದು ಅವಳನ್ನು ಒದ್ದು ಹಿಂದಕ್ಕೆ ಕೆಡವಿತು. ಕೋವಿಯ ಮೇಲಿನ ದುರ್ಬೀನಿನ ಅಂಚು ಹುಬ್ಬು ಸೀಳಿತು. ಜಿಂಕೆ ಹೊಟ್ಟೆಗೆ ಗುಂಡು ತಿಂದು ಓಡಿತು. ಮುಖದ ರಕ್ತ ಒರೆಸಿಕೊಳ್ಳುತ್ತ ಅವಳು, ನೆಲದ ರಕ್ತ ಹುಡುಕುತ್ತ ಅವನು, ಕತ್ತಲಾಗುವವರೆಗೂ ಅಲೆದರು. ಸಿಗಲಿಲ್ಲ. ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮರುವರ್ಷ ಕರೆಯಲಿಲ್ಲ, ಅವಳೂ ಬರ್ತೀನಿ ಎನ್ನಲಿಲ್ಲ. ಆಮೇಲಿನ ಒಂದೊಂದು ನವೆಂಬರಿನಲ್ಲೂ ಅಪ್ಪ ಕಿತ್ತಳೆ ಬಣ್ಣದ ಕೋಟು ತೊಟ್ಟು ಬಾಗಿಲ ಹತ್ತಿರ ಬೂಟಿನ ದಾರ ಬಿಗಿಯುವಾಗ, ಮಾರ್ಲಾ ಏನೋ ನೆವ ಮಾಡಿಕೊಂಡು ಅಲ್ಲೇ ಸುಳಿದಾಡುತ್ತಿದ್ದಳು. ಒಂದೇ ಮಾತು ಸಾಕಿತ್ತು. ಬರ್ತೀಯಾ? ಕಾಲೇಜು ಮುಗಿಸಿ ಬಂದು, ಪಕ್ಕದೂರಿನ ಲೈಬ್ರರಿಯಲ್ಲಿ ಕೆಲಸ ಹಿಡಿದು, ಇಪ್ಪತ್ತನಾಲ್ಕು ದಾಟಿದರೂ ಆ ಸುಳಿದಾಟ ನಿಂತಿರಲಿಲ್ಲ.

ಈಗ ಅಪ್ಪನೇ ಕಾಡಿಗೆ ಹೋಗದೆ ಮನೆಯಲ್ಲಿ ಕೂತರೆ, ಕಾಯುವುದಕ್ಕಾದರೂ ಏನು ಉಳಿಯಿತು?

ಮರುದಿನ ಅವಳು ಲೈಬ್ರರಿಯ ಹಿಂಬಾಗಿಲಲ್ಲಿ ನಿಂತು ಡಾಕ್ಟರ ಆಫೀಸಿಗೆ ಫೋನು ಮಾಡಿದಳು. ಹೇಳಬೇಕಾದ್ದನ್ನು ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದಳು. ಫೋನು ಎಂದರೆ ಅವಳಿಗೆ ಅಷ್ಟು ಭಯ. ಆ ಕಡೆಯ ನರ್ಸು ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ನಕ್ಕಳು. "ಆಗಸ್ಟ್ ಬಂತು ಅಂದ್ರೆ ನನಗೆ ಇದೇ ಫೋನು ಕಣಮ್ಮ. ಇರು, ಡಾಕ್ಟ್ರನ್ನ ಕೇಳ್ತೀನಿ." ಸಂಜೆ ಉತ್ತರ ಬಂತು: ಗಾಯ ಮಾಗಿದೆ, ದೊಡ್ಡ ಕೋವಿ ಖಂಡಿತ ಬೇಡ, ಮೆತ್ತಗೆ ಒದೆಯುವಂಥದ್ದು, ಬುಡಕ್ಕೆ ದಪ್ಪ ರಬ್ಬರಿನ ದಿಂಬು ಇದ್ದು, ದಿನಕ್ಕೆ ನಾಲ್ಕೈದು ಗುಂಡಾದರೆ ಆಗಬಹುದು.

ಶನಿವಾರ ಅವಳು ಎಡ್ನಾ ಕ್ರೆಸ್ಲರಳ ಅಂಗಡಿಗೆ ಹೋದಳು. ಎಡ್ನಾ ಮೂವತ್ತು ವರ್ಷ ಶಾಲೆ ಬಸ್ಸು ಓಡಿಸಿ, ಆಮೇಲೆ ಗಂಡ ಬಿಟ್ಟುಹೋದ ಕೋವಿ ಅಂಗಡಿ ನಡೆಸುತ್ತಿದ್ದವಳು. ಕಣಿವೆಯ ಅರ್ಧ ಜನ ಅವಳಿಂದ ಗದರಿಸಿಕೊಂಡೇ ದೊಡ್ಡವರಾದದ್ದು.

"ಬಾರೇ ಮಾರ್ಲಾ. ಬೇಟೆ ಲೈಸೆನ್ಸಿಗೆ ಬಂದ್ಯಾ? ವರ್ಷಾ ವರ್ಷಾ ತಗೋತೀಯ, ಒಂದು ದಿನಾನಾದ್ರೂ ಕಾಡು ಹತ್ತಿದ್ದು ಕಾಣೆ. ಪುಸ್ತಕದಲ್ಲಿ ಗುರುತಿಗೆ ಇಟ್ಕೋತೀಯೇನು?"

ಮಾರ್ಲಾಳ ಕಿವಿ ಕೆಂಪಾದವು. ಲೈಸೆನ್ಸ್ ಸುಮ್ಮನೆ ಬಿದ್ದಿರುವುದನ್ನು ಯಾರೂ ಗಮನಿಸಿಲ್ಲ ಎಂದುಕೊಂಡಿದ್ದಳು. "ಲೈಸೆನ್ಸೂ ಬೇಕು," ಅಂದಳು. "ಒಂದು ಕೋವೀನೂ ಬೇಕಿತ್ತು. ಮೆತ್ತಗೆ ಒದೆಯೋದು."

ಹೇಳುತ್ತಲೇ ಗೋಡೆಯ ಮೇಲಿದ್ದ ಒಂದನ್ನು ಕೈಗೆತ್ತಿಕೊಂಡಳು. ಬಳುಕುವ ಕಡ್ಡಿಯ ಹಾಗೆ ತೆಳ್ಳಗಿತ್ತು, ಎತ್ತಿದರೆ ಪೊರಕೆಯಷ್ಟೂ ಭಾರವಿಲ್ಲ.

"ಅದನ್ನ ಅಲ್ಲೇ ಇಡು," ಅಂದಳು ಎಡ್ನಾ. "ಹೆಂಡ್ತಿಗೆ ಅಂತ ಬರೋ ಗಂಡಸ್ರೆಲ್ಲ ಅದನ್ನೇ ಎತ್ತೋದು. ಹಗುರ ಇದ್ರೆ ಮೆತ್ತಗೆ ಅಂತ ಯಾರು ಹೇಳಿದ್ದು ನಿನಗೆ? ಕೋವಿ ತೂಕ ಕಮ್ಮಿ ಆದಷ್ಟೂ ಒದೆತ ನಿನ್ನ ಪಾಲಿಗೆ ಜಾಸ್ತಿ. ಭಾರದ ಕೋವಿ, ಸಣ್ಣ ತೋಟಾ, ಅದು ಮೆತ್ತಗೆ. ಯಾರಿಗೆ ಇದು, ನಿನಗಾ?"

ಮಾರ್ಲಾ ಸುಳ್ಳು ಹೇಳಲು ಬಾಯಿ ತೆರೆದಳು, ಆಗಲಿಲ್ಲ. ಹೆಗಲಿನ ಯಂತ್ರದ ಕಥೆ, ಡ್ವೇನ್ ಚಿಕ್ಕಪ್ಪನಿಗೆ ಅಪ್ಪ ಕೋವಿ ಕೊಡಲು ಹೋದದ್ದು, ಎಲ್ಲ ಹೇಳಿದಳು. ಎಡ್ನಾ ಕನ್ನಡಕವನ್ನು ನೆತ್ತಿಗೆ ಏರಿಸಿಕೊಂಡಳು.

"ಗಾರ್ತನಾ? ಅವನು ಸಣ್ಣ ಕೋವಿ ಮುಟ್ಟಲ್ಲ. ನಮ್ಮ ಹುಡುಗ ಟೂ-ಫಾರ್ಟಿ-ಥ್ರೀ ಕೊಂಡಾಗ ಇದೇ ಕೌಂಟರಲ್ಲಿ ನಿಂತು, ಇದರ ಜೊತೆ ಗೊಂಬೆ ಕೊಡಲ್ವಾ ಅಂತ ಕೇಳಿದ್ದ."

"ಜಿಂಕೆಗೆ ಅಂತ ಹೇಳಲ್ಲ. ಗ್ರೌಂಡ್‌ಹಾಗಿಗೆ ಅಂತ ಹೇಳ್ತೀನಿ. ನಮ್ಮ ಪಕ್ಕದ ಹಾಲ್ಡೆಮನ್ನರ ಕುದುರೆಮೇವಿನ ಹೊಲದ ತುಂಬ ಆ ದೊಡ್ಡ ಹೆಗ್ಗಣದಂಥವು ಬಿಲ ತೋಡಿಟ್ಟಿದಾವೆ. ನನಗೇ ಅಂತ ಹೇಳ್ತೀನಿ."

ಎಡ್ನಾ ಸ್ವಲ್ಪ ಹೊತ್ತು ಅವಳನ್ನೇ ನೋಡಿದಳು. ಬಸ್ಸಿನ ಕನ್ನಡಿಯಲ್ಲಿ ಹಿಂದಿನ ಸೀಟು ನೋಡುತ್ತಿದ್ದ ಅದೇ ನೋಟ. "ಮೂಗಿಯ ಹಾಗಿರ್ತಿದ್ದೆ, ಕಳ್ಳಿ," ಎಂದು ಒಳಗೆ ಹೋದಳು.

ತಂದದ್ದು ಹಳೆಯ ಕೋವಿ. ತೋಟಾ ತುಂಬಲು ಎಳೆಯುವ ಬೋಲ್ಟು ಎಡಗಡೆ, ಎಡಚರಿಗೆಂದೇ ಮಾಡಿದ್ದು. ಅಂಥದ್ದು ಆ ಸೀಮೆಯಲ್ಲಿ ಸಿಗುವುದೇ ಅಪರೂಪ. ಆಕ್ರೋಡು ಮರದ ಹಿಡಿ, ದಪ್ಪ ನಳಿಗೆ, ಬುಡಕ್ಕೆ ಕರಿ ರಬ್ಬರಿನ ದಿಂಬು. ಮಾರ್ಲಾ ಎತ್ತಿ ಹೆಗಲಿಗಿಟ್ಟಳು. ಅವಳೂ ಅಪ್ಪನ ಹಾಗೆ ಎಡಚಿ. ಕೆನ್ನೆ ತಾನಾಗಿ ಮರದ ಮೇಲೆ ಕೂತಿತು.

"ಟೂ-ಫಾರ್ಟಿ-ಥ್ರೀ. ಗಾರ್ತನ ಕೋವಿ ಒದೆಯೋದರ ಅರ್ಧನೂ ಇಲ್ಲ. ಟೂ-ಟ್ವೆಂಟಿ-ಥ್ರೀ ಇನ್ನೂ ಮೆತ್ತಗೆ, ಆದ್ರೆ ಜಿಂಕೆ ಮುಂದೆ ಅದನ್ನ ಹಿಡ್ಕೊಂಡು ನಿಂತರೆ ದೇವರನ್ನೂ ಜೊತೆಗೆ ಕರ್ಕೊಂಡು ಹೋಗ್ಬೇಕು. ಇದಕ್ಕೆ ಅದು ಬೇಡ." ಎಡ್ನಾ ಎರಡು ಡಬ್ಬಿ ಮುಂದಿಟ್ಟಳು. "ಕೇಳು, ಇದನ್ನ ಮರೀಬೇಡ. ಇದು ಐವತ್ತೆಂಟು ಗ್ರೇನು ತೂಕದ ಹಗುರ ಗುಂಡು, ಗ್ರೌಂಡ್‌ಹಾಗಿಗೆ. ತಾಗಿದ ತಕ್ಷಣ ಗಾಜಿನ ಹಾಗೆ ಪುಡಿ. ಜಿಂಕೆ ಹೆಗಲಿಗೆ ಹೊಡೆದ್ರೆ ಚರ್ಮದಲ್ಲೇ ಒಡೆದು ಗಾಯ ಮಾಡುತ್ತೆ, ಸಾಯಿಸಲ್ಲ. ಇದು ನೂರು ಗ್ರೇನು, ಭಾರದ್ದು, ಜಿಂಕೆಗೆ. ಒಳಗೆ ಹೋಗಿ ಅರಳುತ್ತೆ. ಎರಡೂ ಒಂದೇ ಜಾಗಕ್ಕೆ ಬೀಳಲ್ಲ, ಬದಲಾಯಿಸಿದಾಗೆಲ್ಲ ದುರ್ಬೀನು ಮತ್ತೆ ಹೊಂದಿಸ್ಬೇಕು. ಎರಡನ್ನೂ ಒಂದೇ ಜೇಬಲ್ಲಿ ಇಟ್ಕೊಂಡೆ ಅಂತ ಕೇಳಿದ್ರೆ ಮನೆಗೆ ಬಂದು ಕಿವಿ ಹಿಂಡ್ತೀನಿ."

ಮಾರ್ಲಾ ಎರಡೂ ಡಬ್ಬಿ ಕೊಂಡಳು. ನೂರು ಗ್ರೇನಿನದನ್ನು ಮನೆಯಲ್ಲಿ ಸ್ವೆಟರುಗಳ ಕೆಳಗೆ ಬಚ್ಚಿಟ್ಟಳು.

ಅಪ್ಪ ಕೋವಿಯನ್ನು ಊಟದ ಮೇಜಿನ ಮೇಲೆ ಕಂಡವನು ಕೈ ಒರೆಸಿಕೊಂಡು ಬಂದು ಬೋಲ್ಟು ತೆಗೆದು, ನಳಿಗೆಯೊಳಗೆ ಬೆಳಕು ಹಾಯಿಸಿ ನೋಡಿದ.

"ಯಾರದು?"

"ನಂದು. ಗ್ರೌಂಡ್‌ಹಾಗಿಗೆ. ಹಾಲ್ಡೆಮನ್ನರ ಕುದುರೆ ಮೊನ್ನೆ ಬಿಲದಲ್ಲಿ ಕಾಲು ಸಿಕ್ಕಿಸ್ಕೊಂಡಿತ್ತಲ್ಲ."

"ಹೂಂ. ಹೆಂಗಸರ ಕೋವಿ."

"ನಾನು ಹೆಂಗಸೇ ಅಲ್ವಾ ಅಪ್ಪ?"

ಒಲೆಯ ಮುಂದಿದ್ದ ಅಮ್ಮ ಗೊಳ್ಳನೆ ನಕ್ಕಳು. ಅಪ್ಪ ನಗಲಿಲ್ಲ, ಆದರೆ ಕೋವಿಯನ್ನು ತಕ್ಷಣ ಕೆಳಗಿಡಲೂ ಇಲ್ಲ. ಎಡಗಡೆಯ ಬೋಲ್ಟನ್ನು ಎರಡು ಸಲ ಎಳೆದು ತಳ್ಳಿದ. ಬೆಣ್ಣೆಯಲ್ಲಿ ಚಾಕು ಆಡಿದ ಹಾಗೆ ಆಡಿತು.

"ಹೊಡೆಯೋಕೆ ಬರುತ್ತಾ ನಿನಗೆ?" ಎಂದು ಕೇಳಿದ. ಕೇಳಿದ ಮೇಲೆ ಅವನ ಕಣ್ಣು ಅವಳ ಹುಬ್ಬಿನ ಗೀರಿನ ಹತ್ತಿರ ಒಂದು ಗಳಿಗೆ ನಿಂತು ಜಾರಿತು.

"ಇಲ್ಲ. ನೀನು ಬಂದು ಪಕ್ಕದಲ್ಲಿ ಕೂತರೆ ಕಲೀತೀನಿ."

ಹೀಗೆ ಸಂಜೆಯ ಹೊತ್ತು ಅವರು ಹಾಲ್ಡೆಮನ್ನರ ಹೊಲದ ಅಂಚಿಗೆ ಹೋಗತೊಡಗಿದರು. ಮೊದಲ ದಿನ ಮಾರ್ಲಾ ರಟ್ಟಿನ ಗುರಿಗೆ ಐದು ಗುಂಡು ಹೊಡೆದಳು. ಒಂದೂ ರಟ್ಟಿಗೆ ತಾಗಲಿಲ್ಲ. ಕೋವಿ ಒದ್ದದ್ದು ಏನೂ ಅಲ್ಲ, ಬೆಕ್ಕು ಮೈ ತಿಕ್ಕಿದ ಹಾಗೆ. ಆದರೂ ಅವಳ ಕಣ್ಣು ಮುಚ್ಚಿಕೊಳ್ಳುತ್ತಿತ್ತು, ಹೆಗಲು ಮೊದಲೇ ಮುದುರಿಕೊಳ್ಳುತ್ತಿತ್ತು. ದೇಹ ಹನ್ನೆರಡು ವರ್ಷ ಹಿಂದಿನ ಏಟಿಗೆ ಇನ್ನೂ ಸಿದ್ಧವಾಗಿ ಕೂತಿತ್ತು.

ಅಪ್ಪ ಕೋವಿ ತೆಗೆದುಕೊಂಡ. ಬೆನ್ನು ತಿರುಗಿಸಿ ಏನೋ ತುಂಬಿ ವಾಪಸು ಕೊಟ್ಟ. ಅವಳು ಗುರಿಯಿಟ್ಟು ಟ್ರಿಗರ್ ಎಳೆದಳು. ಟಿಕ್ ಎಂದಿತು ಅಷ್ಟೇ. ಮದ್ದಿಲ್ಲದ ಹುಸಿ ತೋಟಾ. ಗುಂಡು ಹಾರದಿದ್ದರೂ ನಳಿಗೆಯ ಮೂತಿ ಗಕ್ಕನೆ ಕೆಳಕ್ಕೆ ಬಾಗಿದ್ದನ್ನು ಅವಳೇ ಕಂಡಳು.

"ನೋಡಿದ್ಯಾ? ಕೋವಿ ಏನೂ ಮಾಡ್ಲಿಲ್ಲ. ನೀನು ಹೆದರಿದೆ."

"ಗೊತ್ತು."

"ಯಾವುದು ನಿಜ, ಯಾವುದು ಹುಸಿ ಅಂತ ನಾನು ಹೇಳಲ್ಲ. ನೀನು ಎಳೀತಾ ಇರು. ಮೂತಿ ಬಾಗೋದು ನಿಲ್ಲೋವರೆಗೂ ಎಳಿ."

ಇದು ಅವನು ಆ ತಿಂಗಳಲ್ಲಿ ಆಡಿದ ಅತಿ ಉದ್ದದ ಮಾತು. ಮಾರ್ಲಾ ಅದನ್ನು ಮನೆಗೆ ಹೋಗುವ ದಾರಿಯುದ್ದಕ್ಕೂ ಮನಸ್ಸಿನಲ್ಲಿ ಮತ್ತೆ ಮತ್ತೆ ತಿರುಗಿಸಿ ನೋಡಿಕೊಂಡಳು. ಮುಂದಿನ ಸಂಜೆಗಳಲ್ಲಿ ಅವಳು ಬೇಕೆಂದೇ ನಿಧಾನ ಕಲಿತಳೋ ಎನ್ನುವ ಅನುಮಾನ ಅವಳಿಗೇ ಇದೆ. ಕಡೆಗೆ ಸೆಪ್ಟೆಂಬರಿನ ಮಧ್ಯದಲ್ಲಿ ಮೂತಿ ಬಾಗುವುದು ನಿಂತಿತು. ಬಿಲದ ಬಾಯಲ್ಲಿ ಎರಡು ಕಾಲ ಮೇಲೆ ನಿಂತು ಸುತ್ತ ನೋಡುತ್ತಿದ್ದ ಒಂದು ದಢೂತಿ ಗ್ರೌಂಡ್‌ಹಾಗ್ ಅವಳ ಗುಂಡಿಗೆ ಸದ್ದಿಲ್ಲದೆ ಕುಸಿಯಿತು. ಅಪ್ಪ ದುರ್ಬೀನಿಳಿಸಿ, "ಆಯ್ತು," ಅಂದ. ಅವಳಿಗೆ ಖುಷಿಯಾಗುವ ಬದಲು, ಆಯ್ತು ಅಂದರೆ ನಾಳೆಯಿಂದ ಬರುವುದಿಲ್ಲವೇನೋ ಎಂದು ದಿಗಿಲಾಯಿತು.

"ನೀನೂ ಒಂದು ಹೊಡಿ ಅಪ್ಪ," ಅಂದಳು ಅವಸರದಲ್ಲಿ.

ಅಪ್ಪ ಕೋವಿಯನ್ನು ನೋಡಿದ, ಸುತ್ತಮುತ್ತ ನೋಡಿದ. ಹೊಲದಲ್ಲಿ ಯಾರೂ ಇರಲಿಲ್ಲ. ಹಾಲ್ಡೆಮನ್ನರ ಕುದುರೆ ಮಾತ್ರ ಬೇಲಿಯ ಮೇಲೆ ಕುತ್ತಿಗೆ ಇಟ್ಟು ನಿಂತಿತ್ತು. ಅವನು ಹೊಟ್ಟೆಯ ಮೇಲೆ ಮಲಗಿದ. ಅಂಗಿಯ ಮೇಲಿನಿಂದಲೇ ಯಂತ್ರ ಇದ್ದ ಜಾಗ ತಡವಿಕೊಂಡು, ಕೋವಿಯ ಬುಡವನ್ನು ಅದರಿಂದ ಸ್ವಲ್ಪ ಹೊರಕ್ಕೆ ಆನಿಸಿದ. ಹೊಡೆದ. ನೂರು ಗಜದಲ್ಲಿ ಕಾಫಿ ಲೋಟ ಉರುಳಿಸುತ್ತಿದ್ದ ಮನುಷ್ಯನ ಗುಂಡು ರಟ್ಟಿನಿಂದ ಒಂದು ಮಾರು ಕೆಳಗೆ ಮಣ್ಣು ಹಾರಿಸಿತು.

ಮಾರ್ಲಾ ಕೋವಿ ತೆಗೆದುಕೊಂಡಳು. ಬೆನ್ನು ತಿರುಗಿಸಿದಳು. ಮಾಡುವುದೋ ಬೇಡವೋ ಎಂದು ಒಂದು ಗಳಿಗೆ ತಡೆದಳು. ಹುಸಿ ತೋಟಾ ಒಂದನ್ನು ತುಂಬಿ ವಾಪಸು ಕೊಟ್ಟಳು.

ಟಿಕ್.

ಮೂತಿ ಬಾಗಿತು. ಅವಳದು ಬಾಗಿದ್ದಕ್ಕಿಂತ ಹೆಚ್ಚೇ ಬಾಗಿತು.

ಅಪ್ಪ ಹಾಗೇ ಮಲಗಿದ್ದ, ಕೆನ್ನೆ ಮರದ ಮೇಲಿಟ್ಟು. ಅವನ ಕಿವಿಯ ಹಿಂದಿನ ನರೆಗೂದಲು ಗಾಳಿಗೆ ಅಲುಗುತ್ತಿತ್ತು. ಹೆದರಿಕೆ ಅನ್ನುವುದು ಹೇಗಿರುತ್ತದೆಂದು ಅವನಿಗೆ ಅರವತ್ತನೆಯ ವಯಸ್ಸಿನಲ್ಲಿ ಗೊತ್ತಾಯಿತು. ಅದು ತನ್ನ ಮಗಳ ಎದುರಿಗೇ ಗೊತ್ತಾಯಿತು. ಎದ್ದು ಕೂತಾಗ ಅವನ ಮುಖ ಕೆಂಪಾಗಿತ್ತು.

"ಹೀಗಿರುತ್ತಾ?" ಎಂದು ಕೇಳಿದ.

"ಹೂಂ."

"ಆವತ್ತು ನೀನು ಎಷ್ಟು ತೂಗ್ತಿದ್ದೆ? ನಲವತ್ತು ಕಿಲೋನೂ ಇರ್ಲಿಲ್ಲ." ಹುಲ್ಲಿನ ಕಡ್ಡಿಯೊಂದನ್ನು ಕಿತ್ತು, ಮುರಿದು, ಎಸೆದ. ಆಮೇಲೆ ಕೋವಿಯನ್ನು ಅವಳ ಕಡೆ ಚಾಚಿದ. "ತುಂಬು. ನೀನೇ ತುಂಬು. ಹೇಳ್ಬೇಡ."

ಅಕ್ಟೋಬರ್ ಪೂರ್ತಿ ಅವಳು ಬೆನ್ನು ತಿರುಗಿಸಿ ತುಂಬಿದಳು, ಅವನು ಎಳೆದ. ಮೇಪಲ್ ಎಲೆಗಳು ಉರಿದು ಉದುರಿದವು. ಒಂದು ಸಂಜೆ ಅವಳು ಸ್ವೆಟರುಗಳ ಕೆಳಗಿನ ಡಬ್ಬಿಯನ್ನು ತಂದು ಹುಲ್ಲಿನ ಮೇಲಿಟ್ಟಳು. ನೂರು ಗ್ರೇನು. ಅಪ್ಪ ಡಬ್ಬಿಯ ಮೇಲಿದ್ದ ಜಿಂಕೆಯ ಚಿತ್ರವನ್ನು ನೋಡಿದ, ಅವಳನ್ನು ನೋಡಿದ.

"ಎಡ್ನಾ ಕೊಟ್ಟಳಾ?"

"ನಾನು ಕೊಂಡೆ."

"ಯಾವಾಗ?"

"ಕೋವಿ ಕೊಂಡ ದಿನಾನೇ."

ಅಪ್ಪ ತಲೆಯಾಡಿಸಿದ. ಸಿಟ್ಟಾಗಿದ್ದಾನೆ ಎಂದುಕೊಂಡಳು. ಆದರೆ ಅವನು ಸ್ಕ್ರೂಡ್ರೈವರ್ ತೆಗೆದು ದುರ್ಬೀನನ್ನು ಆ ತೋಟಾಕ್ಕೆ ಹೊಂದಿಸಲು ಕೂತ. ಮೂರು ಗುಂಡುಗಳು ಒಂದು ಬೆಳ್ಳಿ ಡಾಲರ್ ನಾಣ್ಯದಡಿ ಮುಚ್ಚಿಹೋಗುವಷ್ಟು ಹತ್ತಿರ ಬಿದ್ದವು. ಅವತ್ತು ರಾತ್ರಿ ಊಟಕ್ಕೆ ಕೂತಾಗ, ಆಲೂಗಡ್ಡೆಯ ಪಾತ್ರೆಯನ್ನು ಅವಳ ಕಡೆ ತಳ್ಳುತ್ತ ಅಪ್ಪ ಗಂಟಲು ಸರಿಮಾಡಿಕೊಂಡ.

"ಮಾರ್ಲಾ."

ಹನ್ನೆರಡು ವರ್ಷ ಬೂಟಿನ ದಾರದ ಸುತ್ತ ಸುಳಿದಾಡಿದ್ದೆಲ್ಲ ಆ ಕ್ಷಣಕ್ಕೆ ಬಂದು ನಿಂತಿತು.

"ಬೇಟೆ ಶುರುವಾಗೋ ದಿನ ನಿನ್ನ ಕೋವಿ ಕೊಡ್ತೀಯಾ? ಡ್ವೇನ್‌ಗೆ ಶಿಬಿರಕ್ಕೆ ಬರ್ತೀನಿ ಅಂತ ಹೇಳಿದೀನಿ."

ಅವಳು ಬಯಸಿದ್ದು ಇದನ್ನೇ ಅಲ್ಲವೇ? ಅಪ್ಪ ಕಾಡಿಗೆ ಹೋಗಲಿ ಎಂದು ತಾನೇ ಇಷ್ಟೆಲ್ಲ ಮಾಡಿದ್ದು? ಅವಳು ಆಲೂಗಡ್ಡೆ ಬಡಿಸಿಕೊಂಡಳು. ಒಂದರ ಮೇಲೊಂದು ಬೇಕಾದ್ದಕ್ಕಿಂತ ಜಾಸ್ತಿಯೇ ಬಡಿಸಿಕೊಂಡಳು.

"ತಗೋ ಅಪ್ಪ," ಅಂದಳು.

ಶಿಬಿರದ ಮನೆಯಲ್ಲಿ ಹೆಂಗಸರು ಬರಬಾರದೆಂಬ ನಿಯಮ ಎಲ್ಲೂ ಬರೆದಿಲ್ಲ. ಆರು ಮಂಚ, ಆರು ಜನ ಗಂಡಸರು. ಹೀಗಿರುವಾಗ ನಿಯಮ ಬರೆಯುವ ಅಗತ್ಯವೂ ಬೀಳುವುದಿಲ್ಲ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದ ಮರುದಿನ ಡ್ವೇನ್ ಚಿಕ್ಕಪ್ಪನ ಟ್ರಕ್ಕು ಬಂದಿತು. ಅವನು ಟೂ-ಫಾರ್ಟಿ-ಥ್ರೀ ನೋಡಿ ಕಣ್ಣರಳಿಸಿದ. "ಅಣ್ಣಾ! ಇದರ ಜೊತೆ ಗೊಂಬೆ ಕೊಡಲ್ವಾ?"

"ಗೊಂಬೆ ನೀನೇ ಇದೀಯಲ್ಲ," ಅಂದ ಅಪ್ಪ, ಟ್ರಕ್ಕು ಹತ್ತುತ್ತ. ಅವನು ತಮಾಷೆ ಮಾಡಿ ಎಷ್ಟು ಕಾಲವಾಗಿತ್ತೋ. ಮಾರ್ಲಾ ಬಾಗಿಲಲ್ಲಿ ನಿಂತು ಕೈಬೀಸಿದಳು. ಟ್ರಕ್ಕಿನ ಹಿಂದಿನ ದೀಪ ತಿರುವಿನಲ್ಲಿ ಮರೆಯಾದ ಮೇಲೂ ನಿಂತೇ ಇದ್ದಳು. ಅಮ್ಮ ಒಳಗಿನಿಂದ, "ಚಳಿ ಒಳಗೆ ಬರ್ತಿದೆ ಕಣೇ, ಬಾಗಿಲು ಹಾಕು," ಎಂದು ಕೂಗಿದಳು.

ಬೇಟೆ ಶುರುವಾಗುವ ಶನಿವಾರ ಬೆಳಗಾಗುವ ಮೊದಲೇ ಅವಳಿಗೆ ಎಚ್ಚರವಾಗಿತ್ತು. ಅಡಿಗೆಮನೆಯ ಹಿಂದಿನ ಮೆಟ್ಟಿಲ ಮೇಲೆ ಕಂಬಳಿ ಹೊದ್ದು ಕೂತಳು. ಹೆಪ್ಪುಗಟ್ಟಿದ ಗಾಳಿ, ಅಲುಗಾಟವಿಲ್ಲ. ದಿಬ್ಬದ ಅಂಚು ಬೂದಿ ಬಣ್ಣಕ್ಕೆ ತಿರುಗುತ್ತಿದ್ದ ಹಾಗೆ ಮೊದಲ ಗುಂಡು ಕೇಳಿತು. ಆಮೇಲೆ ಕಣಿವೆಯ ನಾಲ್ಕೂ ಕಡೆಯಿಂದ ಒಂದರ ಹಿಂದೊಂದು. ಎಲ್ಲ ದೊಡ್ಡ ಕೋವಿಗಳು, ಖಾಲಿ ಪೀಪಾಯಿಯನ್ನು ಮೆಟ್ಟಿಲಿಳಿಸಿದ ಹಾಗೆ ಢಂ ಢಂ ಎನ್ನುತ್ತಿದ್ದವು. ಪ್ರತಿ ಸದ್ದಿಗೂ ಅವಳು ಅಲ್ಲ, ಅಲ್ಲ ಎಂದುಕೊಳ್ಳುತ್ತಿದ್ದಳು. ಶಿಬಿರ ದಿಬ್ಬದ ಆಚೆ ಬದಿಗೆ, ಮೂರು ಮೈಲಿ. ಅಪ್ಪ ಅಲ್ಲಿಂದ ಯಾವ ಕಡೆ ಹೋಗಿದ್ದಾನೋ ಅವಳಿಗೆ ಗೊತ್ತಿರಲಿಲ್ಲ.

ಎಂಟು ಗಂಟೆ ದಾಟಿರಬೇಕು. ದಿಬ್ಬದ ನೆತ್ತಿಯಿಂದ ಒಂದು ಸದ್ದು ಬಂತು. ಢಂ ಅಲ್ಲ. ಒಣ ಕೊಂಬೆಯನ್ನು ಮಂಡಿಗೆ ಇಟ್ಟು ಮುರಿದ ಹಾಗೆ, ಚುರುಕು, ತೆಳು. ಅವಳು ಉಸಿರು ಹಿಡಿದಳು. ಎರಡನೆಯದು ಬಂದರೆ ಜಿಂಕೆಗೆ ಬರೀ ಗಾಯವಾಗಿದೆ ಎಂದು ಅರ್ಥ. ಎರಡನೆಯದು ಬರಲಿಲ್ಲ. ಸದ್ದು ಬಂದದ್ದು ಶಿಬಿರದ ಕಡೆಯಿಂದಲ್ಲ, ಈಚೆ ಬದಿಯಿಂದ. ಅವರಿಬ್ಬರೂ ಅಂದು ಕೂತಿದ್ದ ಹೆಮ್ಲಾಕ್ ಮರಗಳಿರುವ ಕಡೆಯಿಂದ.

ಕರೆಯಲಿ ಎಂದು ಕಾದದ್ದು ಸಾಕು ಎಂದು ಅವಳೇನೂ ತೀರ್ಮಾನ ಮಾಡಲಿಲ್ಲ. ತೀರ್ಮಾನ ಮಾಡುವ ಮೊದಲೇ ಕಾಲಿಗೆ ಬೂಟು ಬಂದಿತ್ತು. ಅಮ್ಮನ ಕಿತ್ತಳೆ ಬಣ್ಣದ ಅಂಗಿ, ಟೊಪ್ಪಿಗೆ, ಕೊಟ್ಟಿಗೆಯ ಗೂಟದಲ್ಲಿದ್ದ ಹಗ್ಗ ತೆಗೆದುಕೊಂಡು ಹಿಮ ಬಿದ್ದ ಹಳೇ ದಾರಿ ಹಿಡಿದಳು. ಮುಕ್ಕಾಲು ಗಂಟೆಯ ಏರು.

ಅಪ್ಪ ಒಂದು ಬಿದ್ದ ಮರದ ಮೇಲೆ ಒಬ್ಬನೇ ಕೂತಿದ್ದ. ಎದುರಿಗೆ ಲಾರೆಲ್ ಪೊದೆಯ ಬುಡದಲ್ಲಿ ಎಂಟು ಕವಲು ಕೊಂಬಿನ ಗಂಡು ಜಿಂಕೆ. ಕಿವಿಗೆ ಲೈಸೆನ್ಸಿನ ಚೀಟಿ ಕಟ್ಟಿ, ಹೊಟ್ಟೆ ಸೀಳಿ ಶುಚಿ ಮಾಡಿಯೂ ಆಗಿತ್ತು. ಅವಳನ್ನು ಕಂಡು ಅವನು ಬೆಚ್ಚಿಬೀಳಲಿಲ್ಲ.

"ನೀನೇನು ಇಲ್ಲಿ?"

"ಗುಂಡಿನ ಸದ್ದು ಕೇಳಿಸ್ತು."

"ಬೆಳಿಗ್ಗೆಯಿಂದ ಐವತ್ತು ಕೇಳಿಸಿರ್ಬೇಕು."

"ನಿಂದು ಬೇರೆ ಥರ ಕೇಳುತ್ತೆ. ನೋವಾಯ್ತಾ?"

"ಇಲ್ಲ." ಹೆಗಲು ಮುಟ್ಟಿ ನೋಡಿಕೊಂಡ. "ಯಾರೋ ಭುಜ ತಟ್ಟಿದ ಹಾಗಿತ್ತು."

"ಡ್ವೇನ್ ಚಿಕ್ಕಪ್ಪನಿಗೆ ಹೇಳ್ಲಿಲ್ವಾ, ಎಳೆಯೋಕೆ?"

"ಅವನು ಆಚೆ ಬದಿಗೆ ಹೋದ. ಇಲ್ಲಿ ಫೋನು ಹತ್ತಲ್ಲ."

"ಮತ್ತೆ ಏನು ಮಾಡ್ತಿದ್ದೆ?"

"ಕೂತಿದ್ದೆ."

ಅವಳು ಅದೇ ಮರದ ಇನ್ನೊಂದು ತುದಿಯಲ್ಲಿ ಕೂತಳು. ಮಧ್ಯೆ ಕೋವಿ. ಅಪ್ಪ ಜಿಂಕೆಯನ್ನು ನೋಡುತ್ತಲೇ ಹೇಳಿದ: "ನಿನಗೆ ಕಾಡು ಕಂಡ್ರೆ ಆಗಲ್ಲ ಅಂದ್ಕೊಂಡಿದ್ದೆ. ಆವತ್ತಿಂದ."

"ನೀನು ಕೇಳ್ಲೇ ಇಲ್ಲ."

"ನೀನೂ ಹೇಳ್ಲಿಲ್ಲ."

ಇಬ್ಬರ ಮಾತೂ ನಿಜ. ದೂರದಲ್ಲಿ ಯಾರೋ ಮೂರು ಗುಂಡು ಹಾರಿಸಿದರು. ಎಲ್ಲ ತಪ್ಪಿರಬೇಕು ಅನ್ನುವ ಹಾಗೆ ಅಪ್ಪ ಹುಬ್ಬು ಹಾರಿಸಿದ.

"ಸೋಮವಾರ ನಾನು ಬರ್ತೀನಿ," ಅಂದಳು ಮಾರ್ಲಾ. ದನಿ ಅವಳಿಗೇ ಅಪರಿಚಿತವಾಗಿ ಕೇಳಿತು.

"ಲೈಬ್ರರಿ?"

"ರಜ ಹಾಕ್ತೀನಿ."

"ಇರೋದು ಒಂದೇ ಕೋವಿ."

"ನನಗೆ ಲೈಸೆನ್ಸ್ ಇದೆ, ನಾನು ಇಟ್ಕೋತೀನಿ. ನೀನು ಸುಮ್ನೆ ಕೂತಿರು."

ಅಪ್ಪ ಆಕಾಶದ ಕಡೆ ನೋಡಿ, "ಸೋಮವಾರ ಹಿಮ ಬೀಳುತ್ತೆ ಅಂತಿದ್ರು," ಅಂದ.

"ಬೀಳ್ಲಿ."

ಅವಳು ಜಿಂಕೆಯ ಕೊಂಬಿಗೆ ಹಗ್ಗ ಬಿಗಿದಳು. ಅಪ್ಪ ಕೋವಿಯನ್ನು ಖಾಲಿ ಮಾಡಿ ಬಲ ಹೆಗಲಿಗೆ ತೂಗುಹಾಕಿಕೊಂಡು ಹಿಂದೆ ಬಂದ. ಮನೆಯವರೆಗೂ ಇಳಿಜಾರು, ಕಾಲಡಿ ಹೊಸ ಹಿಮ. ಜಿಂಕೆ ಭಾರವಿದ್ದರೂ ತಾನಾಗಿ ಜಾರಿಕೊಂಡು ಬರುತ್ತಿತ್ತು. ಅಷ್ಟು ಸಲೀಸಾಗಿ ಜಾರುವುದು ಅವಳಿಗೆ ಬೇಕಿರಲಿಲ್ಲ. ನೂರು ಹೆಜ್ಜೆಗೊಮ್ಮೆ ನಿಂತಳು. ಹಗ್ಗ ಬದಲಿಸಿದಳು, ಕೈಗವಸು ಬಿಚ್ಚಿ ಹಾಕಿಕೊಂಡಳು.

"ಸುಸ್ತಾಯ್ತಾ?" ಎಂದು ಕೇಳಿದ ಅಪ್ಪ.

"ಹೂಂ," ಎಂದು ಸುಳ್ಳು ಹೇಳಿದಳು.

"ಹಾಗಾದ್ರೆ ಕೂತ್ಕೋ," ಅಂದ ಅವನು, ತಾನೂ ಒಂದು ಬಂಡೆಯ ಮೇಲಿನ ಹಿಮ ಸವರಿ ಜಾಗ ಮಾಡಿಕೊಂಡ. "ಅವಸರ ಏನಿದೆ?"